ಮಧ್ಯರಾತ್ರಿ ದಾಟುವ ಟೈಮ್ ಕೋಡ್

ಕರಾವಳಿಯ ಊರುಗಳಲ್ಲಿ ರಾತ್ರಿಯಿಡೀ ನಡೆಯುವ ಯಕ್ಷಗಾನ ಬಯಲಾಟಗಳನ್ನು ಎರಡು ಕ್ಯಾಮ್‌ಕಾರ್ಡರ್‌ಗಳಲ್ಲಿ ಚಿತ್ರೀಕರಿಸಿಡುವುದು ಕೆಲವು ವರ್ಷಗಳಿಂದ ನನಗೆ ಅಂಟಿಕೊಂಡಿರುವ ಹವ್ಯಾಸ. ಒಂದು ಕ್ಯಾಮೆರಾ ರಂಗಸ್ಥಳಕ್ಕೆ ಎದುರಾಗಿ ಸ್ಟ್ಯಾಂಡಿನ ಮೇಲೆ ನಿಂತಿರುತ್ತದೆ. ಇನ್ನೊಂದು ಭಾಗವತರ ಬಳಿಯಿಂದ ವೇಷ ಕಟ್ಟುವ ಚೌಕಿಯವರೆಗೆ ನನ್ನ ಕೈಯಲ್ಲಿ ಓಡಾಡುತ್ತದೆ. ಮೊದಲ ಸಲ ಎರಡರ ದೃಶ್ಯಗಳನ್ನೂ ಜೋಡಿಸಲು ಕುಳಿತಾಗ ಒಂದು ರಾತ್ರಿಯ ಆಟಕ್ಕೆ ನಾಲ್ಕು ದಿನ ಹಿಡಿಯಿತು. ಅಂಗಡಿಯಿಂದ ತಂದಾಗ ಟೈಮ್ ಕೋಡ್ ಹೇಗಿತ್ತೋ ಹಾಗೆಯೇ ಬಿಟ್ಟಿದ್ದೆ, ಅದೇ ಕಾರಣ.

ಟೈಮ್ ಕೋಡ್ ಎಂದರೆ ಪ್ರತಿಯೊಂದು ಫ್ರೇಮಿಗೂ ಗಂಟೆ, ನಿಮಿಷ, ಸೆಕೆಂಡು, ಫ್ರೇಮ್ ಎಂಬ ನಾಲ್ಕು ಜೋಡಿ ಅಂಕಿಗಳಲ್ಲಿ ಕೊಡುವ ವಿಳಾಸ. ನಮ್ಮಲ್ಲಿ ಸೆಕೆಂಡಿಗೆ 25 ಫ್ರೇಮ್‌ಗಳಾದ್ದರಿಂದ ಕೊನೆಯ ಜೋಡಿ 00ರಿಂದ 24ರವರೆಗೆ ಓಡಿ ಮತ್ತೆ 00ಕ್ಕೆ ಬರುತ್ತದೆ. ಇದನ್ನು ಓಡಿಸುವ ಬಗೆಗಳು ಮುಖ್ಯವಾಗಿ ಎರಡು. ರೆಕ್ ರನ್‌ನಲ್ಲಿ ಅಂಕಿಗಳು ರೆಕಾರ್ಡಿಂಗ್ ನಡೆಯುವಾಗ ಮಾತ್ರ ಮುಂದೆ ಸರಿಯುತ್ತವೆ. ಒಂದೇ ಕ್ಯಾಮೆರಾ ಇದ್ದವರಿಗೆ ಇದು ಸಾಕು. ಫ್ರೀ ರನ್‌ನಲ್ಲಿ ರೆಕಾರ್ಡಿಂಗ್ ನಿಂತರೂ ಅಂಕಿಗಳು ಗೋಡೆ ಗಡಿಯಾರದಂತೆ ಓಡುತ್ತಲೇ ಇರುತ್ತವೆ. ನಾನು ಕೈಯಲ್ಲಿ ಹಿಡಿದ ಕ್ಯಾಮೆರಾವನ್ನು ರಾತ್ರಿಯಲ್ಲಿ ಮೂವತ್ತು ನಲವತ್ತು ಬಾರಿ ನಿಲ್ಲಿಸಿ ಶುರು ಮಾಡುವುದರಿಂದ, ಎರಡೂ ಕ್ಯಾಮೆರಾಗಳಲ್ಲಿ ಫ್ರೀ ರನ್ ಇಡದೆ ಬೇರೆ ದಾರಿಯೇ ಇಲ್ಲ. ಸೋನಿಯ ಹಲವು ಮಾದರಿಗಳಲ್ಲಿ ಇವೆಲ್ಲ ‘ಟಿಸಿ/ಯುಬಿ ಸೆಟ್’ ಎಂಬ ಮೆನುವಿನಡಿ ಸಿಗುತ್ತವೆ.

ಇಷ್ಟು ತಿಳಿದ ಮೇಲೂ ನಾನು ಎರಡನೆಯ ತಪ್ಪು ಮಾಡಿದೆ. ಕೈಗಡಿಯಾರದ ಸಮಯವನ್ನೇ ಇಡುವುದು ಜಾಣತನವೆಂದುಕೊಂಡು ರಾತ್ರಿ 9 ಗಂಟೆಗೆ 21:00:00:00 ಎಂದು ಕೊಟ್ಟೆ. ಟೈಮ್ ಕೋಡ್‌ಗೆ ತಾರೀಖಿನ ಪರಿವೆಯಿಲ್ಲ; 23:59:59:24 ಆದೊಡನೆ ಅದು ಸೊನ್ನೆಗೆ ಮರಳುತ್ತದೆ. ಮರುದಿನ ಎಡಿಟಿಂಗ್ ತಂತ್ರಾಂಶದಲ್ಲಿ ತುಣುಕುಗಳನ್ನು ಟೈಮ್ ಕೋಡ್ ಪ್ರಕಾರ ಜೋಡಿಸಲು ಹೇಳಿದರೆ, ಬೆಳಗಿನ ಜಾವದ ಮಂಗಳ ಮೊದಲು ಬಂದು ಪೂರ್ವರಂಗ ಅದರ ಹಿಂದೆ ಬಂದು ನಿಂತಿತು!

ಈಗ ನಾನು ಹನ್ನೆರಡು ಗಂಟೆ ಹಿಂದಿಡುತ್ತೇನೆ. ರಾತ್ರಿ 9 ಗಂಟೆಗೆ 09:00:00:00 ಎಂದು ಕೊಟ್ಟರೆ ಮಧ್ಯರಾತ್ರಿ 12 ಆಗುತ್ತದೆ, ಬೆಳಗಿನ ಐದೂವರೆ 17:30 ಆಗುತ್ತದೆ. ಇಡೀ ಆಟ ಒಂದೇ ಏರುಕ್ರಮದಲ್ಲಿ ಉಳಿಯುತ್ತದೆ, ನಿಮಿಷಗಳು ಕೈಗಡಿಯಾರದೊಂದಿಗೆ ಹೊಂದಿಕೊಂಡೇ ಇರುತ್ತವೆ.

ಎರಡೂ ಕ್ಯಾಮೆರಾಗಳಲ್ಲಿ ಒಂದೇ ಅಂಕಿಯನ್ನು ಬರೆದಿಟ್ಟುಕೊಂಡು, ಇಬ್ಬರು ಕುಳಿತು ‘ಒಂದು, ಎರಡು, ಮೂರು’ ಎಂದು ಒಟ್ಟಿಗೆ ಗುಂಡಿ ಒತ್ತಿದರೂ ನಾಲ್ಕೈದು ಫ್ರೇಮ್‌ಗಳ ಅಂತರ ಉಳಿದೇ ಉಳಿಯುತ್ತದೆ. ಅದಕ್ಕಾಗಿ ಎರಡೂ ಕ್ಯಾಮೆರಾಗಳನ್ನು ಚೆಂಡೆಯ ಹತ್ತಿರ ಅಕ್ಕಪಕ್ಕ ಇರಿಸಿ ಆರಂಭದ ಒಂದೆರಡು ಪೆಟ್ಟುಗಳನ್ನು ರೆಕಾರ್ಡ್ ಮಾಡಿಕೊಳ್ಳುತ್ತೇನೆ. ಆ ಪೆಟ್ಟು ಎರಡು ಧ್ವನಿಪಟ್ಟಿಗಳಲ್ಲಿ ಎಲ್ಲೆಲ್ಲಿ ಬಿದ್ದಿದೆಯೆಂದು ನೋಡಿದರೆ ಅಂತರ ಎಷ್ಟೆಂಬುದು ಗೊತ್ತಾಗುತ್ತದೆ.

ಅಂತರ ಅಷ್ಟಕ್ಕೇ ನಿಲ್ಲುವುದೂ ಇಲ್ಲ. ಎರಡು ಕ್ಯಾಮೆರಾಗಳ ಒಳಗಡಿಯಾರಗಳು ಹತ್ತು ಲಕ್ಷ ಸೆಕೆಂಡಿಗೆ ಹತ್ತು ಸೆಕೆಂಡಿನಷ್ಟು ಹೆಚ್ಚು ಕಡಿಮೆ ಓಡಿದರೂ ಎಂಟು ಗಂಟೆಯಲ್ಲಿ ಏಳು ಫ್ರೇಮ್‌ಗಳ ವ್ಯತ್ಯಾಸವಾಗುತ್ತದೆ. ಮಾತಿಗೂ ತುಟಿಗೂ ಹೊಂದಿಕೆ ತಪ್ಪಲು ಅಷ್ಟೇ ಧಾರಾಳ. ಇದಕ್ಕೆಂದೇ ಟೆಂಟಕಲ್ ಸಿಂಕ್‌ನಂತಹ ಪುಟ್ಟ ಪೆಟ್ಟಿಗೆಗಳಿವೆ. ಅವು ಟೈಮ್ ಕೋಡ್ ಅನ್ನು ಶಬ್ದರೂಪದಲ್ಲಿ ಕ್ಯಾಮೆರಾದ ಮೈಕ್ ಕಿಂಡಿಗೆ ಕಳುಹಿಸುತ್ತವೆ. ಆದರೆ ಹಾಗೆ ಮಾಡಿದರೆ ಒಂದು ಆಡಿಯೋ ಚಾನೆಲ್ ಅದಕ್ಕೇ ಮೀಸಲಾಗುತ್ತದೆ. ಆ ಖರ್ಚಿಗೆ ನಾನಿನ್ನೂ ಮನಸ್ಸು ಮಾಡಿಲ್ಲ. ಬ್ಯಾಟರಿ ಬದಲಿಸಿದಾಗಲೆಲ್ಲ ಹೊಸದಾಗಿ ಒಂದು ಚೆಂಡೆಯ ಪೆಟ್ಟನ್ನು ಹಿಡಿದುಕೊಳ್ಳುತ್ತೇನೆ.

ಒಮ್ಮೆ ಅಮೆರಿಕದಿಂದ ಬಂದ ಸಂಬಂಧಿಯೊಬ್ಬರ ಕ್ಯಾಮೆರಾವನ್ನು ಎರಡನೆಯದಾಗಿ ಬಳಸಿದ್ದೆ. ಅದರಲ್ಲಿ ಸೆಕೆಂಡಿಗೆ 29.97 ಫ್ರೇಮ್‌ಗಳಿದ್ದು, ಡ್ರಾಪ್ ಫ್ರೇಮ್, ನಾನ್ ಡ್ರಾಪ್ ಫ್ರೇಮ್ ಎಂಬ ಆಯ್ಕೆಯೂ ಇತ್ತು. ಹೆಸರು ಕೇಳಿ ಚಿತ್ರವೇ ಬಿಟ್ಟುಹೋಗುತ್ತದೆಂದು ಹೆದರಬೇಕಾಗಿಲ್ಲ. ಕ್ಷಯ ತಿಥಿ ಬಂದಾಗ ಪಂಚಾಂಗದಲ್ಲಿ ಚೌತಿಯ ಮರುದಿನ ಷಷ್ಠಿ ಎಂದು ಬರೆದರೂ ನಡುವೆ ದಿನವೇನೂ ಕಳೆದುಹೋಗಿರುವುದಿಲ್ಲವಲ್ಲ, ಹಾಗೆಯೇ ಇಲ್ಲಿಯೂ ಬಿಟ್ಟುಹೋಗುವುದು ಎಣಿಕೆ ಮಾತ್ರ: ಪ್ರತಿ ನಿಮಿಷದ ಆರಂಭದಲ್ಲಿ ಎರಡು ಸಂಖ್ಯೆ, ಪ್ರತಿ ಹತ್ತನೆಯ ನಿಮಿಷದಲ್ಲಿ ಮಾತ್ರ ಯಾವುದೂ ಇಲ್ಲ. ಹೀಗೆ ಬಿಡದಿದ್ದರೆ ಗಂಟೆಗೆ 108 ಫ್ರೇಮ್, ಅಂದರೆ 3.6 ಸೆಕೆಂಡು, ಗಡಿಯಾರಕ್ಕಿಂತ ಹಿಂದೆ ಬೀಳುತ್ತದೆ. ಆ ರಾತ್ರಿ ಎಂಟು ಗಂಟೆಯ ಆಟದಲ್ಲಿ ಅರ್ಧ ನಿಮಿಷದಷ್ಟು ಹಿಂದೆ ಬಿದ್ದಿತ್ತು. ನಮ್ಮ 50 ಹರ್ಟ್ಸ್ ವಿದ್ಯುತ್ತಿಗೆ ಟ್ಯೂಬ್‌ಲೈಟಿನ ಬೆಳಕು ಮಿನುಗಿದ್ದು ಬೇರೆ. ಕ್ಯಾಮೆರಾದಲ್ಲಿ 50ಐಗೆ, ಅಂದರೆ ಸೆಕೆಂಡಿಗೆ 25 ಫ್ರೇಮ್‌ಗಳ ನಮ್ಮ ಪದ್ಧತಿಗೆ, ಬದಲಿಸಿಕೊಳ್ಳುವ ಆಯ್ಕೆ ಇದ್ದರೆ ಮೊದಲು ಅದನ್ನು ಮಾಡಿ, ಆಮೇಲೆ ಟೈಮ್ ಕೋಡ್ ಕಡೆಗೆ ಹೋಗುವುದು ಒಳ್ಳೆಯದು.

ಟೈಮ್ ಕೋಡ್ ಜೊತೆಗೆ ನಮಗೆ ಬೇಕಾದ್ದನ್ನು ಬರೆದುಕೊಳ್ಳಲು ಇರುವ ಯೂಸರ್ ಬಿಟ್ಸ್ (ಮೆನುವಿನ ‘ಯುಬಿ’) ಎಂಬ ಎಂಟು ಸ್ಥಾನಗಳಲ್ಲಿ ಮೊದಲ ಆರಕ್ಕೆ ಆಟದ ತಾರೀಖನ್ನೂ ಉಳಿದೆರಡಕ್ಕೆ ಕ್ಯಾಮೆರಾ ಸಂಖ್ಯೆಯನ್ನೂ ಕೊಡುತ್ತೇನೆ. ಆಟ ನೋಡಲು ಜೊತೆಗೆ ಬರುವ ಗೆಳೆಯರು ಗಡಿಯಾರ ನೋಡಿಕೊಂಡು ಸಣ್ಣ ಪುಸ್ತಕದಲ್ಲಿ ‘1.50, ಮಹಿಷಾಸುರ, ಜನರ ನಡುವಿನಿಂದ’ ಎಂದು ಗೀಚಿಟ್ಟಿರುತ್ತಾರೆ. ನಾನು ಮನೆಯಲ್ಲಿ 13:50 ಎಂದು ಟೈಪ್ ಮಾಡುತ್ತೇನೆ. ದೊಂದಿಯ ಬೆಳಕು ಎರಡೂ ಕ್ಯಾಮೆರಾಗಳ ಕಿಟಕಿಗಳಲ್ಲಿ ಪರದೆಯ ಮೇಲೆ ಕಾಣಿಸಿಕೊಳ್ಳುತ್ತದೆ.