ಜಪಾನಿ ತರಗತಿಯಲ್ಲಿ ಒಂದು ದೂರವಾಣಿ ಕರೆ

ಜಪಾನಿ ಭಾಷೆಯ ಗೌರವರೂಪಗಳನ್ನು, ಅಂದರೆ ಕೇಗೊವನ್ನು, ಕೋಷ್ಟಕ ಬರೆಸಿ ಬಾಯಿಪಾಠ ಮಾಡಿಸಿದಾಗ ವಿದ್ಯಾರ್ಥಿಗಳು ತಪ್ಪಿಲ್ಲದೆ ಒಪ್ಪಿಸುತ್ತಾರೆ. ಆದರೆ ಯಾವ ರೂಪವನ್ನು ಯಾರೆದುರು ಆಡಬೇಕೆಂದು ಕೇಳಿದರೆ ತಡವರಿಸುತ್ತಾರೆ. ವ್ಯಾಕರಣದ ಜೊತೆಗೆ ಸ್ವಲ್ಪ ಸಮಾಜಶಾಸ್ತ್ರವನ್ನೂ ಪಾಠದೊಳಗೆ ತಂದರೆ ಅವರು ತಾವಾಗಿಯೇ ಯೋಚಿಸತೊಡಗುತ್ತಾರೆ ಎಂಬುದು ಈ ಭಾಷೆಯನ್ನು ಕಲಿಸುವವಳಾಗಿ ನನ್ನ ದೃಢವಾದ ನಂಬಿಕೆ.

ಇದಕ್ಕೆ ನಾನು ನೆಚ್ಚಿಕೊಂಡಿರುವುದು ಮಾನವಶಾಸ್ತ್ರಜ್ಞೆ ನಕಾನೆ ಚಿಯೆ ಅವರು 1967ರಲ್ಲಿ ಮಂಡಿಸಿದ ವಿಚಾರವನ್ನು. ಜಪಾನಿನಲ್ಲಿ ವ್ಯಕ್ತಿಯ ಗುರುತು ಅವನ ಕಸುಬು, ಅರ್ಹತೆಗಳಿಗಿಂತ ಅವನು ಸೇರಿರುವ ಸಂಸ್ಥೆ ಅಥವಾ ಮನೆತನದ ಚೌಕಟ್ಟಿನಿಂದ ಹೆಚ್ಚಾಗಿ ಬರುತ್ತದೆ ಎಂದು ಅವರು ವಾದಿಸಿದರು. ಅಷ್ಟನ್ನು ವಿವರಿಸಿ ನಾನು ಒಂದು ಸನ್ನಿವೇಶವನ್ನು ಮುಂದಿಡುತ್ತೇನೆ. ವಿಭಾಗದ ಮುಖ್ಯಸ್ಥ ತನಾಕಾ ಹೊರಗೆ ಹೋಗಿದ್ದಾರೆ. ಅವರನ್ನು ಕೇಳಿಕೊಂಡು ಕಚೇರಿಗೆ ಕರೆ ಬಂದಿದೆ. ಫೋನು ಎತ್ತಿಕೊಂಡ ಕಿರಿಯ ನೌಕರ ಏನು ಹೇಳಬೇಕು? ಕರೆ ಬೇರೆ ಕಂಪನಿಯದ್ದಾದರೆ, ದಿನವಿಡೀ 'ಬುಚೋ' (ವಿಭಾಗದ ಮುಖ್ಯಸ್ಥರು) ಎಂದು ಕರೆಯುವ ಅದೇ ಹಿರಿಯರನ್ನು ಅವನು ಹೆಸರಿನ ಮುಂದೆ ಗೌರವಕ್ಕೆ ಹಚ್ಚುವ 'ಸಾನ್' ಕೂಡ ಸೇರಿಸದೆ, ವಿನಯದ ಕ್ರಿಯಾಪದ ಬಳಸಿ, 'ತನಾಕಾ ವಾ ಗೈಶುತ್ಸು ಶಿತೆ ಒರಿಮಾಸು' (ತನಾಕಾ ಹೊರಗೆ ಹೋಗಿದ್ದಾರೆ) ಎನ್ನಬೇಕು. ಹೊರಗಿನವರೆದುರು ನಮ್ಮ ಸಂಸ್ಥೆಯವರನ್ನು, ಅವರು ಹಿರಿಯರಾದರೂ, ನಮ್ಮವರೆಂದು ತಗ್ಗಿಸಿಯೇ ಹೇಳಬೇಕು ಎಂಬ ಈ ಉತ್ತರ ಪಠ್ಯಪುಸ್ತಕಗಳಲ್ಲೇ ಸಿಗುತ್ತದೆ.

ಕರೆ ಮಾಡಿದವರು ತನಾಕಾ ಅವರ ಪತ್ನಿಯಾಗಿದ್ದರೆ? ಇಲ್ಲಿಂದ ತರಗತಿಗೆ ಜೀವ ಬರುತ್ತದೆ. ಆಕೆ ಕಂಪನಿಗೆ ಹೊರಗಿನವರು, ಆದ್ದರಿಂದ ಅದೇ ವಾಕ್ಯ ಸಾಕು ಎಂದು ಕೆಲವರು ವಾದಿಸುತ್ತಾರೆ. ತನಾಕಾ ನಮಗಿಂತ ಆಕೆಗೆ ಹತ್ತಿರದವರು, ಹೀಗಿರುವಾಗ ಅವರನ್ನು ನಮ್ಮವರೆಂದು ತಗ್ಗಿಸಿ ಹೇಳುವ ಹಕ್ಕು ನಮಗೆಲ್ಲಿದೆ ಎಂದು ಇನ್ನು ಕೆಲವರು ಕೇಳುತ್ತಾರೆ. ರೂಢಿಗೆ ಒಪ್ಪುವುದು ಎರಡನೆಯ ತರ್ಕವೇ. ಇಲ್ಲಿ ಗೌರವರೂಪವೇ ಬೇಕು. ಕೋಷ್ಟಕದಲ್ಲಿಲ್ಲದ ಈ ಉತ್ತರವನ್ನು ಅವರು ಪರಸ್ಪರ ಚರ್ಚಿಸಿಯೇ ಕಂಡುಕೊಳ್ಳುತ್ತಾರೆ. ಒಬ್ಬರಿಗೇ ನಿಲುಕದ್ದನ್ನು ಹೆಚ್ಚು ಬಲ್ಲ ಜೊತೆಗಾರರ ನೆರವಿನಿಂದ ಮುಟ್ಟಬಹುದೆಂದು ಮನಶ್ಶಾಸ್ತ್ರಜ್ಞ ವೈಗೋಟ್‌ಸ್ಕಿ ಹೇಳಿದ್ದು ಇದನ್ನೇ.

ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆಯಲ್ಲಿ, ಎನ್5ರಿಂದ ಎನ್1ರವರೆಗಿನ ಯಾವ ಹಂತದಲ್ಲೂ, ಮಾತನಾಡುವ ಭಾಗವೇ ಇಲ್ಲದಿರುವುದರಿಂದ ಇಂಥ ಚರ್ಚೆಗೆ ಸಮಯವೆಲ್ಲಿ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೂ ನಾನು ಇದನ್ನು ಕೈಬಿಡುವುದಿಲ್ಲ. ಇದಕ್ಕಿಂತ ಗಂಭೀರವಾದ ಆಕ್ಷೇಪವೆಂದರೆ, ಇಂಥ ಸಿದ್ಧಾಂತಗಳು ಇಡೀ ಜಪಾನನ್ನು ಒಂದೇ ಅಚ್ಚಿನಲ್ಲಿ ಎರಕ ಹೊಯ್ಯುತ್ತವೆ ಎಂಬುದು. ಅದು ನಿಜ. ಹಾಗಾಗಿ ನಕಾನೆ ಅವರ ಚೌಕಟ್ಟಿಗೆ ಹೊಂದದ ಒಂದು ಸಂಭಾಷಣೆಯನ್ನು ಪ್ರತಿ ಗುಂಪೂ ಹುಡುಕಿ ತರಬೇಕೆಂದು ಕೇಳುತ್ತೇನೆ, ಮತ್ತು ಅದು ಏಕೆ ಹೊಂದುವುದಿಲ್ಲ ಎಂಬ ವಿವರಣೆಗೂ ಅಂಕ ಕೊಡುತ್ತೇನೆ.