ಉತ್ಸವದಲ್ಲಿ ಜನರನ್ನು ಹಾಡಿಸುವುದು: ವೇದಿಕೆ ಹಿಂದಿನ ಕೆಲಸ

ಜನಪದ ಸಂಗೀತೋತ್ಸವಕ್ಕೆ ಸಾಮಾಜಿಕ ಉದ್ದೇಶ ಇದೆ ಅಂದ ಕೂಡಲೇ ಆಯೋಜಕರು ಭಾಷಣಕಾರರನ್ನು ಹುಡುಕಲು ಹೊರಡುತ್ತಾರೆ. ಭಾಷಣ ಶುರುವಾದರೆ ಜನ ಎದ್ದು ಓಡಾಡುತ್ತಾರೆ. ತಾವೇ ದನಿಗೂಡಿಸಿದ ಹಾಡು ಮಾತ್ರ ಅವರ ಜೊತೆ ಮನೆಗೆ ಹೋಗುತ್ತದೆ. ಎಸ್ಟೋನಿಯಾದಲ್ಲಿ 1869ರಿಂದ ಹಾಡುಹಬ್ಬದ ರೂಢಿ ಇತ್ತು. ಅದಕ್ಕೇ 1988ರಲ್ಲಿ ಸೋವಿಯತ್ ಆಳ್ವಿಕೆಯಿಂದ ಬಿಡುಗಡೆ ಬಯಸಿ ರಾಜಧಾನಿ ಟ್ಯಾಲಿನ್‌ನ ಬಯಲಿನಲ್ಲಿ ಸೇರಿದವರಿಗೆ ಒಟ್ಟಾಗಿ ಹಾಡುವುದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ. ಆ ರೂಢಿ ಇಲ್ಲದ ಕಡೆ ಹಾಡಿಸುವುದು ನಮ್ಮ ಹೊಣೆ.

ದೊಡ್ಡ ತೊಡಕು ಧ್ವನಿಯ ವೇಗದ್ದು. ಅದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. 68 ಮೀಟರ್ ಹಿಂದೆ ಕೂತವರಿಗೆ ಹಾಡು 0.2 ಸೆಕೆಂಡ್ ತಡವಾಗಿ ಮುಟ್ಟುತ್ತದೆ, ಅವರ ದನಿ ವೇದಿಕೆಗೆ ಮರಳುವಾಗ 0.4 ಸೆಕೆಂಡ್ ಆಗಿರುತ್ತದೆ. ಅದನ್ನು ಕೇಳಿಸಿಕೊಂಡು ಹಾಡುವ ಗಾಯಕರು ಸಾಲುಸಾಲಿಗೂ ನಿಧಾನವಾಗುತ್ತಾ ಹೋಗುತ್ತಾರೆ, ಮೂರನೇ ಚರಣದ ಹೊತ್ತಿಗೆ ತಾಳ ಕುಸಿದಿರುತ್ತದೆ. ಅವರ ಮಾನಿಟರ್‌ಗೆ, ಅಂದರೆ ಗಾಯಕರ ಕಡೆ ಮುಖ ಮಾಡಿದ ವೇದಿಕೆಯ ಸ್ಪೀಕರ್‌ಗೆ, ತಾಳವಾದ್ಯವನ್ನು ಜೋರಾಗಿ ಕೊಡಿ. ಜನ ಎಲ್ಲಿ ದನಿ ಎತ್ತಬೇಕು ಎಂಬುದನ್ನು ಕೈಸನ್ನೆಯಲ್ಲೇ ತೋರಿಸಲು ಗಾಯಕರಿಗೆ ಹೇಳಿ. 34 ಮೀಟರ್ ದೂರದಲ್ಲಿ ಇನ್ನೊಂದು ಜೊತೆ ಸ್ಪೀಕರ್ ಇಟ್ಟರೆ ವೇದಿಕೆಯ ದನಿ ಅಲ್ಲಿಗೆ ಮುಟ್ಟುವ ಹೊತ್ತಿಗೆ ಹೊಂದುವಂತೆ ಅದಕ್ಕೆ 100 ಮಿಲಿಸೆಕೆಂಡ್ ಡಿಲೇ (ತಡ) ಕೊಡಬೇಕು, ಮೇಲೆ ಹತ್ತು ಹದಿನೈದು ಮಿಲಿಸೆಕೆಂಡ್ ಹೆಚ್ಚಿಗೆ. ಮರೆತರೆ ಹಿಂದಿನವರಿಗೆ ಪ್ರತಿ ಪದವೂ ಎರಡೆರಡು ಸಲ ಕೇಳಿಸುತ್ತದೆ, ಬಾಯಿ ಮುಚ್ಚಿಬಿಡುತ್ತಾರೆ.

ಶ್ರುತಿಯೂ ಅಷ್ಟೇ. ನುರಿತ ಗಾಯಕರ ಎತ್ತರದ ಶ್ರುತಿ ಸಾಮಾನ್ಯರ ಕಂಠಕ್ಕೆ ಎಟುಕುವುದಿಲ್ಲ. ಎರಡು ಮೂರು ಸ್ವರಸ್ಥಾನ ಇಳಿಸಲು ಕೇಳಬೇಕು. ಕೊಳಲು ಹಾಗೆ ಇಳಿಯುವುದಿಲ್ಲ, ಬೇರೆ ಶ್ರುತಿಯದೇ ಬೇಕು. ಇದನ್ನು ವೇದಿಕೆ ಹತ್ತಿದ ಮೇಲೆ ಹೇಳಿ ಪ್ರಯೋಜನವಿಲ್ಲ, ಸೌಂಡ್ ಚೆಕ್‌ನಲ್ಲೇ ತೀರ್ಮಾನವಾಗಬೇಕು. ಸಭಿಕರ ಮೇಲಿನ ದೀಪ ಪೂರ್ತಿ ಆರಿಸಬೇಡಿ: ಪಕ್ಕದವರೂ ಹಾಡುತ್ತಿರುವುದು ಕಂಡರೆ ಸಂಕೋಚ ಬಿಡುತ್ತದೆ.

ಸಂಭಾವನೆಯಲ್ಲಿ ಅಮೆರಿಕದ 1963ರ ನ್ಯೂಪೋರ್ಟ್ ಜನಪದ ಉತ್ಸವದ ಮಾದರಿ ಈಗಲೂ ಗಟ್ಟಿ: ಖ್ಯಾತರಾಗಲಿ ಅಪರಿಚಿತರಾಗಲಿ, ಎಲ್ಲರಿಗೂ 50 ಡಾಲರ್, ಜೊತೆಗೆ ಪ್ರಯಾಣ, ಊಟ, ವಸತಿ. ಸಮಾನತೆಯ ಹಾಡು ಹಾಡಿಸಿ ಲಕೋಟೆಯಲ್ಲಿ ತಾರತಮ್ಯ ಮಾಡಿದರೆ ಅದು ಕಲಾವಿದರ ಕೋಣೆಯಲ್ಲಿ ಅರ್ಧ ಗಂಟೆಯಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ.

ಹೊಸ ತಂಡವನ್ನು ಖಾಲಿ ಕುರ್ಚಿಗಳ ಮುಂದೆ ಮೊದಲಿಗೇ ನಿಲ್ಲಿಸಬೇಡಿ, ಇಬ್ಬರು ಹೆಸರುವಾಸಿಗಳ ನಡುವೆ ಹಾಕಿ. ಒಂದು ತಂಡ 20 ನಿಮಿಷ ಹಾಡಿದರೆ ವೇದಿಕೆಯಲ್ಲಿ ಮುಂದಿನ ತಂಡವನ್ನು ಅಣಿಗೊಳಿಸಲು 10 ನಿಮಿಷ ಬೇಕು. ಹೊತ್ತು ಮೀರಿದಾಗ ಕತ್ತರಿ ಬೀಳುವುದು ಇಂಥ ತಂಡಕ್ಕೇ. ಹಾಗಾಗಿ ಮೊದಲು ಕತ್ತರಿಸುವುದು ಸನ್ಮಾನವನ್ನು, ಆಮೇಲೆ ಭಾಷಣವನ್ನು ಎಂದು ಕಾರ್ಯಕ್ರಮಗಳ ಸರದಿ ಪಟ್ಟಿಯಲ್ಲೇ ಬರೆದು ಆಯೋಜಕರ ಸಹಿ ಹಾಕಿಸಿಕೊಳ್ಳಿ.