ಕಾಸೆಲ್‌ನ ಕಣಜ

2022ರ ಆಗಸ್ಟ್ ತಿಂಗಳ ಒಂದು ಶನಿವಾರ ನಾನು ಫ್ರಾಂಕ್‌ಫರ್ಟ್‌ನಿಂದ ರೈಲು ಹಿಡಿದು ಜರ್ಮನಿಯ ಕಾಸೆಲ್‌ಗೆ ಹೋದದ್ದು, ಐದು ವರ್ಷಕ್ಕೊಮ್ಮೆ ಅಲ್ಲಿ ನೂರು ದಿನ ನಡೆಯುವ ಡಾಕ್ಯುಮೆಂಟಾ ಕಲಾಪ್ರದರ್ಶನವನ್ನು ನೋಡಲು. ಆ ಸಲದ 15ನೆಯ ಪ್ರದರ್ಶನದ ಹೊಣೆಯನ್ನು ಜಕಾರ್ತದ ರುವಾಂಗ್‌ರೂಪಾ ಎಂಬ ಕಲಾವಿದರ ಬಳಗಕ್ಕೆ ವಹಿಸಲಾಗಿತ್ತು. 2000ದಲ್ಲಿ ಹುಟ್ಟಿದ ಈ ಬಳಗವು ಬೇರೆ ಬೇರೆ ದೇಶಗಳಿಂದ ತನ್ನಂಥವೇ ಬಳಗಗಳನ್ನು ಕರೆಸಿ, ಹಣದ ವಿನಿಯೋಗವೂ ಸೇರಿದಂತೆ ಹಲವು ವಿಷಯಗಳನ್ನು ಎಲ್ಲರೂ ಸಭೆ ಕೂಡಿ ತೀರ್ಮಾನಿಸುವ ಪ್ರಯೋಗಕ್ಕೆ ಕೈಹಾಕಿತ್ತು. ಅದಕ್ಕೆ ಅವರು ಕೊಟ್ಟ ಹೆಸರು ‘ಲುಂಬುಂಗ್’. ಮಿಕ್ಕ ಭತ್ತವನ್ನು ಊರಿಗಾಗಿ ಕೂಡಿಡುವ ಇಂಡೊನೇಷ್ಯಾದ ಕಣಜ. ನನ್ನ ಅಜ್ಜಿಯ ಮನೆಯಲ್ಲೂ ಸಗಣಿ ಮೆತ್ತಿದ ಬಿದಿರಿನ ಕಣಜವಿತ್ತು, ಆದರೆ ಅದು ನಮ್ಮ ಮನೆಯದು, ಊರಿನದಲ್ಲ.

ನೈರೋಬಿಯ ವಾಜುಕೂ ಬಳಗ ಕಟ್ಟಿದ್ದ ತುಕ್ಕು ತಗಡಿನ ಸುರಂಗವನ್ನು ದಾಟಿ ಡಾಕ್ಯುಮೆಂಟಾ ಹಾಲೆ ಎಂಬ ಪ್ರದರ್ಶನ ಭವನದೊಳಗೆ ಹೋದೆ. ಅಲ್ಲಿ ಢಾಕಾದ ಬ್ರಿಟೋ ಆರ್ಟ್ಸ್ ಟ್ರಸ್ಟ್‌ನವರು ‘ರಸದ್’ ಎಂಬ ಪುಟ್ಟ ಅಂಗಡಿ ಹೂಡಿದ್ದರು. ಅಲ್ಲಿದ್ದ ತಿನಿಸುಗಳಲ್ಲಿ ಕೆಲವು ದಾರದಲ್ಲಿ ಹೆಣೆದವು, ಕೆಲವು ಮಣ್ಣಿನಲ್ಲಿ ಮಾಡಿ ಸುಟ್ಟವು. ಬಹಳ ಹೊತ್ತು ನಿಂತು, ಇದನ್ನು ಹೆಣೆದ ಕೈ ಯಾರದು, ಅದನ್ನು ತಿದ್ದಿದ ಕೈ ಯಾರದು ಎಂದು ಹುಡುಕಿದೆ. ಕೃತಿಯ ಪಕ್ಕದಲ್ಲಿ ಒಬ್ಬರ ಹೆಸರನ್ನು ಅರಸುವುದು ನನಗೆ ಅಷ್ಟು ರೂಢಿಯಾಗಿತ್ತು.

ಆ ರೂಢಿ ಬಿಟ್ಟದ್ದು ಕಟ್ಟಡದ ಹಿಂದಿನ ಬಿದಿರಿನ ಅಡುಗೆಮನೆಯಲ್ಲಿ. ಅದೂ ಬ್ರಿಟೋದವರದೇ, ಹೆಸರು ‘ಪಾಕ್ ಘೊರ್’. ನೂರು ದಿನ ನೂರು ನಾಡಿನವರು ಅಲ್ಲಿ ಅಡುಗೆ ಮಾಡಬೇಕೆಂಬುದು ಅವರ ಸಂಕಲ್ಪ. ನಾನು ಹೋದ ದಿನ ಒಲೆಯ ಮುಂದೆ ಇದ್ದದ್ದು ಒಂದು ಆಫ್ಘನ್ ಕುಟುಂಬ. ನೋಡುತ್ತ ನಿಂತಿದ್ದ ನನ್ನನ್ನು ಬಂಗಾಳಿ ಯುವಕನೊಬ್ಬ “ದಾದಾ, ಕೂತ್ಕೊಳ್ಳಿ” ಎಂದು ಹಿಂದಿಯಲ್ಲಿ ಕರೆದು, ಚಾಕುವನ್ನೂ ಒಂದು ಬುಟ್ಟಿ ಈರುಳ್ಳಿಯನ್ನೂ ಮುಂದಿಟ್ಟ. ದಪ್ಪವಾಗಿ ಹೆಚ್ಚುತ್ತಿದ್ದೆ. ಪಕ್ಕದಲ್ಲಿದ್ದ ಹಿರಿಯ ಮಹಿಳೆ ಮಾತಾಡದೆ ನನ್ನ ಕೈಯಿಂದ ಚಾಕು ತೆಗೆದುಕೊಂಡು, ಒಂದು ಈರುಳ್ಳಿಯನ್ನು ಎಳೆ ಎಳೆಯಾಗಿ ಹೆಚ್ಚಿ ತೋರಿಸಿ, ಮರಳಿಸಿದರು. ಊಟದ ಹೊತ್ತಿಗೆ ಆ ಅಡುಗೆಯಲ್ಲಿ ನನ್ನ ಈರುಳ್ಳಿ ಯಾವುದು ಎಂದು ಹೇಳುವಂತಿರಲಿಲ್ಲ; ಅದರಿಂದ ನನಗೆ ಹೇಳಲಾರದ ಸಂತೋಷವಾಯಿತು.

ಸಂಜೆ ಫ್ರೀಡ್ರಿಶ್ ಚೌಕಕ್ಕೆ ನಡೆದೆ. ಇಂಡೊನೇಷ್ಯಾದ ಯೋಗ್ಯಕರ್ತ ನಗರದ ತಾರಿಂಗ್ ಪಾಡಿ ಬಳಗ 2002ರಲ್ಲಿ ರಚಿಸಿದ ಬೃಹತ್ ಚಿತ್ರಪಟವನ್ನು ಜೂನ್‌ನಲ್ಲಿ ಅಲ್ಲಿ ತೂಗುಹಾಕಲಾಗಿತ್ತು. ಅದರಲ್ಲಿ ಯಹೂದಿಗಳನ್ನು ಹೀನಾಯವಾಗಿ ಚಿತ್ರಿಸಿದ ಆಕೃತಿಗಳಿರುವುದು ಕಂಡುಬಂದು, ಮೊದಲು ಕಪ್ಪು ಬಟ್ಟೆಯಿಂದ ಮುಚ್ಚಿ, ಬಳಿಕ ಇಳಿಸಿದರು. ಬಳಗ ಕ್ಷಮೆ ಕೇಳಿತು. ಆ ನೂರಾರು ಆಕೃತಿಗಳ ಗುಂಪಿನಲ್ಲಿ ಅವನ್ನು ಬರೆದ ಕೈ ಯಾವುದು ಎಂದು ನಾನು ಮತ್ತೆ ಹುಡುಕಬೇಕಿರಲಿಲ್ಲ. ಕೂಡಿ ಮಾಡಿದ್ದರ ಶ್ರೇಯಸ್ಸು ಎಲ್ಲರದಾದರೆ ಅದರಿಂದಾದ ನೋವಿನ ಹೊಣೆಯೂ ಎಲ್ಲರದೇ, ತೂಗುಹಾಕುವ ಮೊದಲು ಕಣ್ಣಿಟ್ಟು ನೋಡದೆ ಹೋದವರದೂ ಹೌದು ಎಂದೇ ನಾನು ನಂಬುತ್ತೇನೆ.

ಕೊನೆಯ ರೈಲಿಗೆ ಇನ್ನೂ ಹೊತ್ತಿತ್ತು. ಅಡುಗೆಮನೆಗೆ ಮರಳಿದೆ. ತಳ ಹಿಡಿದ ದೊಡ್ಡ ಪಾತ್ರೆಯೊಂದು ನೀರು ತುಂಬಿಸಿಕೊಂಡು ನಲ್ಲಿಯ ಬಳಿ ನೆನೆಯುತ್ತಿತ್ತು. ತೋಳು ಮಡಿಚಿ ಅದನ್ನು ಉಜ್ಜಲು ಕೂತೆ.